ಡೆಸ್ಕ್‌ಟಾಪ್ ಸ್ಲೀಪ್ ಆಗುತ್ತದೆ, ಹೇಳಿದ ಹೊತ್ತಿಗೆ ಹೈಬರ್ನೇಟ್ ಮಾತ್ರ ಆಗುವುದಿಲ್ಲ

ಮಳೆಬಿಲ್ಲು

ನಮಸ್ಕಾರ. ವಿಂಡೋಸ್ 11 ಇರುವ ಡೆಸ್ಕ್‌ಟಾಪ್, 32 ಜಿಬಿ ರ‍್ಯಾಮ್, ವಿಂಡೋಸ್ ಇರುವುದು ಎಸ್‌ಎಸ್‌ಡಿಯಲ್ಲಿ. ಪವರ್ ಆಪ್ಷನ್ಸ್‌ನಲ್ಲಿ 30 ನಿಮಿಷಕ್ಕೆ ಸ್ಲೀಪ್, 120 ನಿಮಿಷಕ್ಕೆ ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕ್‌ಗೆ ಬರೆದು ಪೂರ್ತಿ ಆಫ್ ಆಗುವುದು) ಎಂದು ಹಾಕಿದ್ದೇನೆ. ಸ್ಟಾರ್ಟ್ ಮೆನುವಿನಿಂದ ಕೈಯಾರೆ ಹೈಬರ್ನೇಟ್ ಒತ್ತಿದರೆ ಚೆನ್ನಾಗಿ ಆಗುತ್ತದೆ, ಮತ್ತೆ ಆನ್ ಮಾಡಿದರೆ ತೆರೆದಿದ್ದ ಫೈಲ್‌ಗಳೆಲ್ಲ ಹಾಗೇ ಬರುತ್ತವೆ. ತಾನಾಗಿ ಮಾತ್ರ ಆಗುವುದಿಲ್ಲ. ರಾತ್ರಿ ಬಿಟ್ಟು ಹೋದರೆ ಬೆಳಿಗ್ಗೆ ಪವರ್ ಲೈಟ್ ಇನ್ನೂ ಮಿನುಗುತ್ತಿರುತ್ತದೆ, ಅಂದರೆ ಸ್ಲೀಪ್‌ನಲ್ಲೇ ಇದೆ. ಕೆಲವು ರಾತ್ರಿ ಅದೂ ಇಲ್ಲ, ಪರದೆ ಕಪ್ಪಾಗಿರುತ್ತದೆ ಆದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ.

ಸ್ಲೀಪ್‌ನಲ್ಲಿ ಇರುವಾಗ ಕರೆಂಟ್ ಹೋದರೆ ತೆರೆದಿದ್ದ ಕೆಲಸ ಹೋಗುತ್ತದೆ, ಅದಕ್ಕೇ ನನಗೆ ಹೈಬರ್ನೇಟ್ ಬೇಕು. ರೀಸ್ಟಾರ್ಟ್, ಅಪ್‌ಡೇಟ್, ಪವರ್ ಪ್ಲಾನ್ ರೀಸೆಟ್ ಎಲ್ಲ ಆಯಿತು. ಎಲ್ಲಿಂದ ಹುಡುಕಲು ಶುರು ಮಾಡಲಿ?

ಜೋಡಿಮಾನಿಟರ್

ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ (powercfg, ವಿಂಡೋಸ್‌ನ ಪವರ್ ಸೆಟ್ಟಿಂಗ್ ನೋಡುವ, ಬದಲಿಸುವ ಕಮಾಂಡ್) /ಎಚ್ ಆಫ್ ಕೊಡಿ, ಆಮೇಲೆ ಪವರ್‌ಸಿಎಫ್‌ಜಿ /ಎಚ್ ಆನ್ ಕೊಡಿ. ಹೈಬರ್ನೇಟ್ ಆಗುವಾಗ ಎಲ್ಲವನ್ನೂ ಬರೆದಿಡುವ ಹೈಬರ್‌ಫಿಲ್.ಸಿಸ್ ಫೈಲ್ ಹೊಸದಾಗಿ ಹುಟ್ಟುತ್ತದೆ. ತುಂಬ ಜನರಿಗೆ ಇದರಿಂದಲೇ ಸರಿಹೋಗಿದೆ.

ತಂತಿಗಂಟು

ಕೈಯಾರೆ ಒತ್ತಿದರೆ ಸರಿಯಾಗಿ ಆಗುತ್ತಿದೆ ಎಂದು ಅವರೇ ಬರೆದಿದ್ದಾರಲ್ವಾ. ಅಂದರೆ ಹೈಬರ್‌ಫಿಲ್.ಸಿಸ್ ಚೆನ್ನಾಗಿದೆ, ಡ್ರೈವರ್‌ಗಳು ಒಪ್ಪುತ್ತವೆ, ಡಿಸ್ಕ್‌ನಲ್ಲಿ ಜಾಗ ಇದೆ, ಬಯೋಸ್ ಕೂಡ ಒಪ್ಪುತ್ತದೆ. ಆ ಅರ್ಧ ಭಾಗವನ್ನು ಪಕ್ಕಕ್ಕಿಡಬಹುದು. ತೊಂದರೆ ಇರುವುದು ಹೈಬರ್ನೇಟ್ ಮಾಡುವುದರಲ್ಲಿ ಅಲ್ಲ, ಯಾವಾಗ ಮಾಡಬೇಕು ಎಂಬ ನಿರ್ಧಾರದಲ್ಲಿ.

ಮಳೆಬಿಲ್ಲು ಅವರೇ, ಇನ್ನು ಮುಂದೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಮೊದಲು ಏನಾಗುತ್ತಿದೆ ಎಂದು ತಿಳಿದುಕೊಳ್ಳೋಣ. "ಹೈಬರ್ನೇಟ್ ಆಗಲಿಲ್ಲ" ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ಕತೆ ಇರಬಹುದು. ಯಂತ್ರಕ್ಕೆ ತಾನು ಖಾಲಿ ಕುಳಿತಿದ್ದೇನೆ ಎಂದು ಅನಿಸಲೇ ಇಲ್ಲ, ಹಾಗಾಗಿ ಸ್ಲೀಪ್ ಕೂಡ ಆಗಲಿಲ್ಲ. ಅಥವಾ ಸ್ಲೀಪ್ ಆಯಿತು, ಅಲ್ಲಿಂದ ಹೈಬರ್ನೇಟ್‌ಗೆ ದಾಟಲಿಲ್ಲ. ಇಲ್ಲವಾದರೆ ಹೈಬರ್ನೇಟ್ ಆಯಿತು, ಆದರೆ ಯಾವುದೋ ಸಾಧನ ಅದನ್ನು ಎಬ್ಬಿಸಿತು. ಬೆಳಿಗ್ಗೆ ಬಂದು ನೋಡಿದಾಗ ಮೊದಲನೆಯದಕ್ಕೂ ಮೂರನೆಯದಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ, ಎರಡರಲ್ಲೂ ಫ್ಯಾನ್ ತಿರುಗುತ್ತಿರುತ್ತದೆ. ಆದರೆ ಮದ್ದು ಪೂರ್ತಿ ಬೇರೆ. ನಿಮ್ಮ ವಿವರ ನೋಡಿದರೆ ಎರಡು ಕತೆ ಒಟ್ಟಿಗೆ ನಡೆಯುತ್ತಿರುವ ಹಾಗಿದೆ.

ಇವೆಂಟ್ ವ್ಯೂವರ್ (ಯಂತ್ರದಲ್ಲಿ ನಡೆದದ್ದರ ದಾಖಲೆ, ಅಂದರೆ ಲಾಗ್ ತೋರಿಸುವ ವಿಂಡೋಸ್ ಪ್ರೋಗ್ರಾಮ್) ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಕರ್ನಲ್-ಪವರ್ ಮತ್ತು ಪವರ್-ಟ್ರಬಲ್‌ಶೂಟರ್ ಎಂಬ ಎರಡು ಮೂಲಗಳನ್ನು ಮಾತ್ರ ಫಿಲ್ಟರ್ ಮಾಡಿ. ಕರ್ನಲ್-ಪವರ್‌ನ 42ನೇ ನಂಬರಿನ ಇವೆಂಟ್ ಎಂದರೆ ಯಂತ್ರ ಮಲಗಲು ಹೊರಟಿದೆ ಎಂದು. ಅದರ ಒಳಗೆ ಸ್ಲೀಪ್ ರೀಸನ್ ಎಂಬ ಸಾಲು ಇರುತ್ತದೆ, ಅದೇ ನಮಗೆ ಬೇಕಾಗಿರುವುದು. ತಾನಾಗಿ ಮಲಗಿದ್ದರೆ ಸಿಸ್ಟಮ್ ಐಡಲ್ ಎಂದಿರುತ್ತದೆ. ಸ್ಲೀಪ್‌ನಿಂದ ಹೈಬರ್ನೇಟ್‌ಗೆ ದಾಟಿದ್ದರೆ ಹೈಬರ್ನೇಟ್ ಫ್ರಮ್ ಸ್ಲೀಪ್ - ಫಿಕ್ಸ್ಡ್ ಟೈಮ್‌ಔಟ್ ಎಂದಿರುತ್ತದೆ. ಪವರ್-ಟ್ರಬಲ್‌ಶೂಟರ್‌ನ 1ನೇ ಇವೆಂಟ್‌ನಲ್ಲಿ ಯಾರು ಎಬ್ಬಿಸಿದರು ಎಂಬುದು ಇರುತ್ತದೆ.

ಲೈಟ್ ಮಿನುಗುತ್ತಿದ್ದ ರಾತ್ರಿಯದ್ದು, ಫ್ಯಾನ್ ತಿರುಗುತ್ತಿದ್ದ ರಾತ್ರಿಯದ್ದು, ಎರಡನ್ನೂ ನೋಡಿ ಇಲ್ಲಿ ಬರೆಯಿರಿ. ಜೊತೆಗೆ ಅಡ್ಮಿನ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ /ಎ ಕೊಟ್ಟಾಗ ಏನು ಬರುತ್ತದೆ ಎಂಬುದೂ ಬೇಕು. (ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ.)

ನೀಲಿಪರದೆ

ತಂತಿಗಂಟು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. /ಎಚ್ ಆಫ್ ಕೊಟ್ಟರೆ ಹೈಬರ್ನೇಟ್ ಮಾತ್ರ ಹೋಗುವುದಿಲ್ಲ. ಫಾಸ್ಟ್ ಸ್ಟಾರ್ಟಪ್ (ಬೇಗ ಬೂಟ್ ಆಗುವ ವ್ಯವಸ್ಥೆ), ಹೈಬ್ರಿಡ್ ಸ್ಲೀಪ್ (ಡಿಸ್ಕ್‌ಗೂ ಬರೆದಿಟ್ಟು ಸ್ಲೀಪ್ ಆಗುವುದು) ಎರಡೂ ಅದೇ ಫೈಲನ್ನು ನೆಚ್ಚಿಕೊಂಡಿವೆ, ಅವೂ ನಿಲ್ಲುತ್ತವೆ. ಮತ್ತೆ ಆನ್ ಮಾಡಲು ಮರೆತರೆ ಸ್ಟಾರ್ಟ್ ಮೆನುವಿನಿಂದಲೇ ಹೈಬರ್ನೇಟ್ ಮಾಯವಾಗುತ್ತದೆ, ಆಗ ಹೊಸ ತಲೆನೋವು.

ಹೈಬರ್‌ಫಿಲ್.ಸಿಸ್ ಬಗ್ಗೆ ಅನುಮಾನ ಬರಬೇಕಾದ ಸಂದರ್ಭ ಬೇರೆ. ಆ ಫೈಲ್‌ಗೆ ಫುಲ್, ರೆಡ್ಯೂಸ್ಡ್ ಎಂದು ಎರಡು ಬಗೆ ಇದೆ. ಸಾಮಾನ್ಯವಾಗಿ ಫುಲ್ ಎಂದರೆ ರ‍್ಯಾಮ್‌ನ 40 ಶೇಕಡಾ, ನಿಮ್ಮ 32 ಜಿಬಿಗೆ ಸುಮಾರು 13 ಜಿಬಿ. ರೆಡ್ಯೂಸ್ಡ್ ಎಂದರೆ 20 ಶೇಕಡಾ, ಅದು ಫಾಸ್ಟ್ ಸ್ಟಾರ್ಟಪ್‌ಗೆ ಮಾತ್ರ ಸಾಕು, ನಿಜವಾದ ಹೈಬರ್ನೇಟ್‌ಗೆ ಸಾಲದು. ಡಿಸ್ಕ್ ಜಾಗ ಉಳಿಸಲು ಯಾರಾದರೂ ರೆಡ್ಯೂಸ್ಡ್ ಮಾಡಿದ್ದರೆ ಪವರ್‌ಸಿಎಫ್‌ಜಿ /ಎಚ್ /ಟೈಪ್ ಫುಲ್ ಕೊಡಬೇಕು. ಆದರೆ ಇವರಿಗೆ ಮೆನುವಿನಲ್ಲಿ ಹೈಬರ್ನೇಟ್ ಕಾಣುತ್ತಿದೆ, ಕೆಲಸವನ್ನೂ ಮಾಡುತ್ತಿದೆ. ಹಾಗಾಗಿ ಇಲ್ಲಿ ಅದರ ಮಾತಿಲ್ಲ.

ಮಳೆಬಿಲ್ಲು

ನೋಡಿದೆ. ಪವರ್‌ಸಿಎಫ್‌ಜಿ /ಎ ಕೊಟ್ಟರೆ ಸ್ಟ್ಯಾಂಡ್‌ಬೈ (ಎಸ್3), ಹೈಬರ್ನೇಟ್, ಹೈಬ್ರಿಡ್ ಸ್ಲೀಪ್, ಫಾಸ್ಟ್ ಸ್ಟಾರ್ಟಪ್ ನಾಲ್ಕೂ ಲಭ್ಯ ಎಂದು ಬರುತ್ತದೆ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಹೈಬ್ರಿಡ್ ಸ್ಲೀಪ್ ಆಫ್ ಇದೆ.

ಲೈಟ್ ಮಿನುಗುತ್ತಿದ್ದ ರಾತ್ರಿಗಳಲ್ಲಿ 42 ಇದೆ, ಕಾರಣ ಸಿಸ್ಟಮ್ ಐಡಲ್. ಅದಾದ ಮೇಲೆ ಬೆಳಿಗ್ಗೆ ನಾನು ಪವರ್ ಬಟನ್ ಒತ್ತಿ ಎಬ್ಬಿಸಿದ್ದು ಮಾತ್ರ ಇದೆ. ಮಧ್ಯೆ ಏನೂ ಇಲ್ಲ. ನೀವು ಹೇಳಿದ ಫಿಕ್ಸ್ಡ್ ಟೈಮ್‌ಔಟ್ ಎಂಬ ಸಾಲು ಇಡೀ ಲಾಗ್‌ನಲ್ಲಿ ಎಲ್ಲೂ ಸಿಗಲಿಲ್ಲ.

ಫ್ಯಾನ್ ತಿರುಗುತ್ತಿದ್ದ ರಾತ್ರಿಗಳಲ್ಲಿ 42ನೇ ಇವೆಂಟೇ ಇಲ್ಲ.

ತಂತಿಗಂಟು

ಚೆನ್ನಾಗಿ ನೋಡಿದ್ದೀರಿ, ಈಗ ದಾರಿ ಸ್ಪಷ್ಟವಾಯಿತು. ಎರಡು ಬೇರೆ ತೊಂದರೆಗಳೇ. ಮೊದಲು ಸುಲಭದ್ದನ್ನು ನೋಡೋಣ.

ಸ್ಲೀಪ್ (ಎಸ್3) ಎಂದರೆ ರ‍್ಯಾಮ್‌ಗೆ ಮಾತ್ರ ವಿದ್ಯುತ್, ಪ್ರೊಸೆಸರ್ ನಿಂತಿರುತ್ತದೆ. ಹೈಬರ್ನೇಟ್ (ಎಸ್4) ಎಂದರೆ ರ‍್ಯಾಮ್‌ನಲ್ಲಿ ಇರುವುದನ್ನು ಡಿಸ್ಕ್‌ಗೆ ಬರೆದು ಪೂರ್ತಿ ಆಫ್ ಆಗುವುದು. ಈಗ ಯೋಚಿಸಿ, ಪ್ರೊಸೆಸರ್ ನಿಂತಿರುವಾಗ ಡಿಸ್ಕ್‌ಗೆ ಬರೆಯುವವರು ಯಾರು? ಯಾರೂ ಇಲ್ಲ. ಅದಕ್ಕೇ ವಿಂಡೋಸ್ ಮಲಗುವ ಮೊದಲು ಮದರ್‌ಬೋರ್ಡ್‌ನ ಗಡಿಯಾರಕ್ಕೆ ಒಂದು ಅಲಾರಂ ಇಟ್ಟು ಮಲಗುತ್ತದೆ. ಹೊತ್ತಾದಾಗ ಆ ಅಲಾರಂ ಯಂತ್ರವನ್ನು ಎಬ್ಬಿಸುತ್ತದೆ, ಪರದೆ ಹೊತ್ತಿಕೊಳ್ಳದೆ ಒಳಗಿಂದೊಳಗೇ ಎದ್ದು ಎಲ್ಲವನ್ನೂ ಡಿಸ್ಕ್‌ಗೆ ಬರೆದು ಆಫ್ ಆಗುತ್ತದೆ. ಅಂದರೆ ತಾನಾಗಿ ಹೈಬರ್ನೇಟ್ ಆಗಬೇಕಾದರೆ ನಡುವೆ ಒಮ್ಮೆ ಎಚ್ಚರವಾಗಲೇಬೇಕು. ಎಲ್ಲ ಸರಿ ಇದ್ದ ಯಂತ್ರದ ಲಾಗ್‌ನಲ್ಲಿ ಎಬ್ಬಿಸಿದ ಮೂಲ ಎಸ್4 ಡೋಜ್ ಟು ಹೈಬರ್ನೇಟ್ ಎಂದು ಕಾಣುವುದು ಇದಕ್ಕೇ.

ನಿಮ್ಮ ಯಂತ್ರ ಎದ್ದೇ ಇಲ್ಲ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಎಂಬುದರ ಕೆಳಗೆ ಅಲೋ ವೇಕ್ ಟೈಮರ್ಸ್ ಎಂದಿದೆ, ಇಂಥ ಅಲಾರಂಗೆ ಅನುಮತಿ ಕೊಡುವುದು ಅದೇ. ಅದು ಡಿಸೇಬಲ್ ಆಗಿದೆಯಾ ನೋಡಿ. ಆಗಿದ್ದರೆ ಎನೇಬಲ್ ಮಾಡಿ, ಬೇರೇನೂ ಮುಟ್ಟಬೇಡಿ, ಒಂದು ರಾತ್ರಿ ಬಿಡಿ.

ಹಳೆಕೀಲಿ

ಇದು ತುಂಬ ಜನರಿಗೆ ಗೊತ್ತಿಲ್ಲದ ವಿಷಯ. ರಾತ್ರಿ ಕಂಪ್ಯೂಟರ್ ತಾನಾಗಿ ಆನ್ ಆಗುತ್ತದೆ ಎಂದು ಯಾರಾದರೂ ಕೇಳಿದರೆ ಎಲ್ಲರೂ ಕೊಡುವ ಮೊದಲ ಸಲಹೆ ವೇಕ್ ಟೈಮರ್ಸ್ ಡಿಸೇಬಲ್ ಮಾಡಿ ಎಂದೇ. ಆ ತೊಂದರೆ ಹೋಗುತ್ತದೆ, ಆದರೆ ಜೊತೆಗೆ ಇದೂ ನಿಲ್ಲಬಹುದು ಎಂದು ಯಾರೂ ಹೇಳುವುದಿಲ್ಲ.

ಮಳೆಬಿಲ್ಲು

ಹೌದು, ಡಿಸೇಬಲ್ ಆಗಿತ್ತು! ಈಗ ಎನೇಬಲ್ ಮಾಡಿದ್ದೇನೆ. ಪರೀಕ್ಷೆಗೆ ಎಂದು ಪ್ರತಿ ಸಲ ಎರಡು ಗಂಟೆ ಕಾಯಬೇಕಾ?

ತಂತಿಗಂಟು

ಬೇಡ. ತಾತ್ಕಾಲಿಕವಾಗಿ ಹೊತ್ತು ಕಡಿಮೆ ಮಾಡಿ. ಪವರ್‌ಸಿಎಫ್‌ಜಿ /ಚೇಂಜ್ ಸ್ಟ್ಯಾಂಡ್‌ಬೈ-ಟೈಮ್‌ಔಟ್-ಎಸಿ 3, ಆಮೇಲೆ ಪವರ್‌ಸಿಎಫ್‌ಜಿ /ಚೇಂಜ್ ಹೈಬರ್ನೇಟ್-ಟೈಮ್‌ಔಟ್-ಎಸಿ 10. ಅಂಕಿ ಎಂದರೆ ನಿಮಿಷ. ಮೌಸ್ ಮುಟ್ಟದೆ ದೂರ ಹೋಗಿ. ಮೊದಲು ಸ್ಲೀಪ್ ಆಗಬೇಕು, ಆಮೇಲೆ ಒಂದು ಕ್ಷಣ ಫ್ಯಾನ್ ಸದ್ದು ಬಂದು, ಡಿಸ್ಕ್ ಲೈಟ್ ಉರಿದು, ಎಲ್ಲ ಆರಬೇಕು. ಆದರೆ ಪರೀಕ್ಷೆ ಮುಗಿದ ಮೇಲೆ 30 ಮತ್ತು 120ಕ್ಕೆ ವಾಪಸ್ ಹಾಕಿಕೊಳ್ಳಿ.

ಜೋಡಿಮಾನಿಟರ್

ಇಷ್ಟೆಲ್ಲ ಯಾಕೆ? ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಟಾಸ್ಕ್ ಮಾಡಿ ರಾತ್ರಿ 12ಕ್ಕೆ ಶಟ್‌ಡೌನ್ /ಎಚ್ (ಹೈಬರ್ನೇಟ್ ಮಾಡುವ ಕಮಾಂಡ್) ಓಡಿಸಿದರೆ ಮುಗಿಯಿತು. ನಾನು ಹಾಗೇ ಮಾಡಿಕೊಂಡಿದ್ದೇನೆ, ಬಹಳ ದಿನದಿಂದ ಸರಿಯಾಗಿ ನಡೆಯುತ್ತಿದೆ.

ನೀಲಿಪರದೆ

ಅದು ಒಳ್ಳೆಯ ದಾರಿಯೇ, ಆದರೆ ಎಲ್ಲಿ ಕಾಲು ಜಾರುತ್ತದೆ ಎಂದು ಗೊತ್ತಿದ್ದು ಮಾಡಬೇಕು.

ಶಟ್‌ಡೌನ್ /ಎಚ್ ಜೊತೆ /ಟಿ ಸೇರಿಸಲು ಆಗುವುದಿಲ್ಲ. "ಒಂದು ಗಂಟೆ ಬಿಟ್ಟು ಹೈಬರ್ನೇಟ್ ಆಗು" ಎಂದು ಒಂದೇ ಕಮಾಂಡ್‌ನಲ್ಲಿ ಹೇಳಲು ದಾರಿ ಇಲ್ಲ, ಹೊತ್ತನ್ನು ಟಾಸ್ಕ್ ಶೆಡ್ಯೂಲರ್‌ನಲ್ಲೇ ಇಡಬೇಕು. ಇನ್ನು ಟಾಸ್ಕ್ ನೋಡುವುದು ಗಡಿಯಾರವನ್ನು, ನಿಮ್ಮನ್ನಲ್ಲ. 12 ಗಂಟೆಗೆ ನೀವು ಕೆಲಸ ಮಾಡುತ್ತಾ ಕುಳಿತಿದ್ದರೂ ಹೈಬರ್ನೇಟ್ ಮಾಡಿಬಿಡುತ್ತದೆ. ಕಂಡೀಷನ್ಸ್ ಟ್ಯಾಬ್‌ನಲ್ಲಿ ಐಡಲ್ ಇದ್ದರೆ ಮಾತ್ರ ಶುರು ಮಾಡು ಎಂಬುದನ್ನು ಟಿಕ್ ಮಾಡಬಹುದು.

ಇಲ್ಲಿ ಇವರಿಗೆ ಮುಖ್ಯವಾದ ಮಾತು ಇನ್ನೊಂದಿದೆ. 12 ಗಂಟೆಗೆ ಯಂತ್ರ ಆಗಲೇ ಸ್ಲೀಪ್‌ನಲ್ಲಿ ಇದ್ದರೆ ಟಾಸ್ಕ್ ಓಡುವುದೇ ಇಲ್ಲ, ವೇಕ್ ದಿ ಕಂಪ್ಯೂಟರ್ ಟು ರನ್ ದಿಸ್ ಟಾಸ್ಕ್ ಎಂಬುದನ್ನು ಟಿಕ್ ಮಾಡಬೇಕು. ಮಾಡಿದರೂ ಅದು ನಂಬಿಕೊಂಡಿರುವುದು ಅದೇ ವೇಕ್ ಟೈಮರ್ಸ್‌ನ್ನು! ಅಲ್ಲಿ ಡಿಸೇಬಲ್ ಇದ್ದರೆ ಈ ದಾರಿಯೂ ಮುಚ್ಚಿಹೋಗುತ್ತದೆ. ಹಾಗಾಗಿ ತಂತಿಗಂಟು ಹೇಳಿದ್ದನ್ನು ತಪ್ಪಿಸಿಕೊಂಡು ಹೋಗಲು ಆಗುವುದಿಲ್ಲ.

ಸೆಟ್ಟಿಂಗ್ಸ್ ಟ್ಯಾಬ್‌ನಲ್ಲಿ "ತಪ್ಪಿಹೋದ ಟಾಸ್ಕನ್ನು ಆದಷ್ಟು ಬೇಗ ಓಡಿಸು" ಎಂಬ ಅರ್ಥದ ಒಂದು ಆಯ್ಕೆ ಇದೆ. ಬ್ಯಾಕಪ್‌ಗೆ ಅದು ಒಳ್ಳೆಯದು. ಹೈಬರ್ನೇಟ್ ಟಾಸ್ಕ್‌ಗೆ ಖಂಡಿತ ಬೇಡ. ರಾತ್ರಿ ತಪ್ಪಿದ್ದನ್ನು ಬೆಳಿಗ್ಗೆ ನೀವು ಕೆಲಸಕ್ಕೆ ಕುಳಿತ ಮೇಲೆ ನೆನಪಿಸಿಕೊಂಡು ಓಡಿಸುತ್ತದೆ, ಕಣ್ಣೆದುರೇ ಯಂತ್ರ ಆಫ್ ಆಗುತ್ತದೆ. ಏನೋ ಹಾರ್ಡ್‌ವೇರ್ ಕೆಟ್ಟಿದೆ ಎಂದು ಜನ ಹೆದರುತ್ತಾರೆ.

ಹಳೆಕೀಲಿ

ನೆಟ್‌ನಲ್ಲಿ ಹುಡುಕಿದರೆ ರನ್‌ಡಿಎಲ್ಎಲ್32 ಜೊತೆ ಸೆಟ್‌ಸಸ್ಪೆಂಡ್‌ಸ್ಟೇಟ್ 0,1,0 ಎಂಬ ಕಮಾಂಡ್ ಎಲ್ಲ ಕಡೆ ಸಿಗುತ್ತದೆ. ಅದನ್ನು ಬಳಸಬೇಡಿ. ಆ ಅಂಕಿಗಳನ್ನು ಬದಲಿಸಿದರೆ ಸ್ಲೀಪ್ ಅಥವಾ ಹೈಬರ್ನೇಟ್ ಆರಿಸಬಹುದು ಎಂದು ಬರೆದಿರುತ್ತಾರೆ, ರನ್‌ಡಿಎಲ್ಎಲ್32 ಆ ಅಂಕಿಗಳನ್ನು ಹಾಗೆ ದಾಟಿಸುವುದೇ ಇಲ್ಲ. ಹೈಬರ್ನೇಟ್ ಆನ್ ಇದ್ದರೆ ಹೈಬರ್ನೇಟ್ ಆಗುತ್ತದೆ, ಆಫ್ ಇದ್ದರೆ ಸ್ಲೀಪ್ ಆಗುತ್ತದೆ, ಅಷ್ಟೇ. ಶಟ್‌ಡೌನ್ /ಎಚ್ ಸ್ಪಷ್ಟವಾಗಿದೆ, ಆಗದಿದ್ದರೆ ಆಗಲಿಲ್ಲ ಎಂದು ಹೇಳುತ್ತದೆ.

ಇನ್ನೊಂದು ವಿಷಯ ಕೇಳಬೇಕಿತ್ತು. ಯುಪಿಎಸ್ ಇದೆಯಾ, ಅದರ ಯುಎಸ್‌ಬಿ ಕೇಬಲ್ ಕಂಪ್ಯೂಟರ್‌ಗೆ ಹಾಕಿದ್ದೀರಾ? ಹಾಕಿದ್ದರೆ ವಿಂಡೋಸ್ ಅದನ್ನು ಬ್ಯಾಟರಿ ಎಂದೇ ತಿಳಿಯುತ್ತದೆ. ಟಾಸ್ಕ್‌ಬಾರ್‌ನಲ್ಲಿ ಬ್ಯಾಟರಿ ಚಿತ್ರ ಬರುತ್ತದೆ, ಪವರ್ ಪ್ಲಾನ್‌ನಲ್ಲಿ ಪ್ರತಿ ಸೆಟ್ಟಿಂಗ್‌ಗೂ ಆನ್ ಬ್ಯಾಟರಿ, ಪ್ಲಗ್ಡ್ ಇನ್ ಎಂದು ಎರಡು ಸಾಲು ಬರುತ್ತವೆ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಕರೆಂಟ್ ಇದ್ದಾಗ ಒಂದು ಬಗೆ, ಹೋದಾಗ ಇನ್ನೊಂದು ಬಗೆ ನಡೆಯುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಎಸಿ ಪವರ್ ಇದ್ದರೆ ಮಾತ್ರ ಶುರು ಮಾಡು ಎಂಬುದು ಮೊದಲೇ ಟಿಕ್ ಆಗಿ ಬರುತ್ತದೆ, ಅದೂ ಅಡ್ಡ ಬರುತ್ತದೆ.

ಆದರೆ ಈ ಕೇಬಲ್ ನಿಮಗೆ ಉಪಯೋಗಕ್ಕೂ ಬರುತ್ತದೆ. ಬ್ಯಾಟರಿ ವಿಭಾಗದಲ್ಲಿ ಕ್ರಿಟಿಕಲ್ ಬ್ಯಾಟರಿ ಆಕ್ಷನ್ ಎಂಬುದನ್ನು ಹೈಬರ್ನೇಟ್ ಎಂದು ಇಟ್ಟರೆ, ಕೆಲಸ ಮಾಡುವಾಗ ಕರೆಂಟ್ ಹೋಗಿ ಯುಪಿಎಸ್ ಮುಗಿಯುತ್ತಾ ಬಂದಾಗ ಯಂತ್ರ ತಾನೇ ಎಲ್ಲ ಉಳಿಸಿಕೊಂಡು ಆಫ್ ಆಗುತ್ತದೆ. ನಿಮಗೆ ಬೇಕಾಗಿರುವುದೇ ಇದು ಅಲ್ವಾ?

ಮಳೆಬಿಲ್ಲು

ಯುಪಿಎಸ್ ಇದೆ, ಕೇಬಲ್ ಹಾಕಿಲ್ಲ. ಹಾಕುತ್ತೇನೆ, ಇದು ಗೊತ್ತೇ ಇರಲಿಲ್ಲ, ತುಂಬ ಥ್ಯಾಂಕ್ಸ್.

ಪರೀಕ್ಷೆ ಮಾಡಿದೆ. 3 ನಿಮಿಷಕ್ಕೆ ಸ್ಲೀಪ್, ಆಮೇಲೆ ತಾನಾಗಿ ಎದ್ದು ಪೂರ್ತಿ ಆಫ್. ಲಾಗ್‌ನಲ್ಲಿ ಫಿಕ್ಸ್ಡ್ ಟೈಮ್‌ಔಟ್ ಸಾಲು ಬಂದಿದೆ! 30 ಮತ್ತು 120ಕ್ಕೆ ವಾಪಸ್ ಹಾಕಿ ರಾತ್ರಿ ಬಿಟ್ಟೆ, ಅಂದೂ ಸರಿಯಾಗಿ ಆಯಿತು. ಆದರೆ ಮಾರನೆಯ ರಾತ್ರಿ ಮತ್ತೆ ಫ್ಯಾನ್ ತಿರುಗುತ್ತಿತ್ತು, 42 ಇಲ್ಲ. ಎರಡನೆಯ ತೊಂದರೆ ಹಾಗೇ ಇದೆ.

ತಂತಿಗಂಟು

ಒಂದು ಮುಗಿಯಿತು. ಇನ್ನು ಎರಡನೆಯದು, ಇದು ಹೆಚ್ಚು ತಾಳ್ಮೆ ಕೇಳುತ್ತದೆ.

ನೀವು ಮೊದಲೇ ಒಂದು ಒಳ್ಳೆಯ ಸುಳಿವು ಕೊಟ್ಟಿದ್ದೀರಿ, ಫ್ಯಾನ್ ತಿರುಗುತ್ತಿದ್ದರೂ ಪರದೆ ಕಪ್ಪಾಗಿರುತ್ತದೆ ಎಂದು. ಇದು ಬಹಳ ಮುಖ್ಯ. ಮೌಸ್ ತಾನಾಗಿ ಅಲ್ಲಾಡುತ್ತಿದ್ದರೆ, ಕೀಬೋರ್ಡ್‌ನ ಕೀಲಿ ಅಂಟಿಕೊಂಡಿದ್ದರೆ ಪರದೆಯೂ ಆರುತ್ತಿರಲಿಲ್ಲ, ಆರಿದರೂ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಪರದೆ ಹೇಳಿದ ಹೊತ್ತಿಗೆ ಆರಿ, ಆರಿಯೇ ಇದ್ದು, ಯಂತ್ರ ಮಾತ್ರ ಎಚ್ಚರ ಇದೆ ಎಂದರೆ ಯಾವುದೋ ಪ್ರೋಗ್ರಾಮ್ ಅಥವಾ ಡ್ರೈವರ್ "ಪರದೆ ಬೇಕಾದರೆ ಆರಿಸು, ಸಿಸ್ಟಮ್ ಮಲಗಿಸಬೇಡ" ಎಂದು ವಿಂಡೋಸ್‌ಗೆ ಕೇಳಿಕೊಂಡಿದೆ. ಇದಕ್ಕೆ ಪವರ್ ರಿಕ್ವೆಸ್ಟ್ ಎನ್ನುತ್ತಾರೆ.

ಯಾರು ಕೇಳಿಕೊಂಡಿದ್ದಾರೆ ಎಂದು ನೋಡಲು ಅಡ್ಮಿನ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್. ಡಿಸ್‌ಪ್ಲೇ, ಸಿಸ್ಟಮ್, ಅವೇಮೋಡ್, ಎಕ್ಸಿಕ್ಯೂಷನ್ ಎಂದೆಲ್ಲ ಶೀರ್ಷಿಕೆ ಬರುತ್ತವೆ. ನಿಮಗೆ ಬೇಕಾಗಿರುವುದು ಸಿಸ್ಟಮ್. ಅದರ ಕೆಳಗೆ ಏನಾದರೂ ಇದ್ದರೆ ಅದೇ ಕಾರಣ. ಹಾಡು ಅಥವಾ ವಿಡಿಯೊ ನಡೆಯುತ್ತಿದ್ದರೆ ಆಡಿಯೊ ಡ್ರೈವರ್ ಹೆಸರು ಬಂದು, ಆಡಿಯೊ ಸ್ಟ್ರೀಮ್ ಬಳಕೆಯಲ್ಲಿದೆ ಎಂದು ಬರೆದಿರುತ್ತದೆ. ಸದ್ದು ಮ್ಯೂಟ್ ಮಾಡಿದ ಟ್ಯಾಬ್ ಕೂಡ ಹೀಗೆ ಹಿಡಿದಿಡಬಹುದು.

ಮಳೆಬಿಲ್ಲು

ಈಗ ಕೊಟ್ಟು ನೋಡಿದೆ. ಎಲ್ಲದರ ಕೆಳಗೂ ನನ್ (None, ಅಂದರೆ ಏನೂ ಇಲ್ಲ) ಎಂದೇ ಬರುತ್ತಿದೆ.

ನೀಲಿಪರದೆ

ಬಂದೇ ಬರುತ್ತದೆ. ಆ ಕಮಾಂಡ್ ಆ ಕ್ಷಣದ್ದನ್ನು ಮಾತ್ರ ತೋರಿಸುತ್ತದೆ. ತೊಂದರೆ ಆಗುವುದು ನೀವು ಅಲ್ಲಿ ಇಲ್ಲದಾಗ. ಅದಕ್ಕೊಂದು ಕಾವಲು ಇಡಬೇಕು.

ಒಂದು ಸಣ್ಣ ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಮಾಡಿ. ಅದರಲ್ಲಿ ಮೊದಲ ಸಾಲು ದಿನ ಮತ್ತು ಹೊತ್ತನ್ನು ಬರೆಯಲಿ, ಎರಡನೆಯ ಸಾಲು ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್ ಕೊಡಲಿ, ಎರಡರ ಔಟ್‌ಪುಟ್ ಕೂಡ ಎರಡು ಬಾಣದ ಗುರುತು (>>) ಹಾಕಿ ಒಂದೇ ಟೆಕ್ಸ್ಟ್ ಫೈಲ್‌ಗೆ ಸೇರುತ್ತಾ ಹೋಗಲಿ. ಒಂದೇ ಬಾಣ ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಇದನ್ನು 10 ನಿಮಿಷಕ್ಕೊಮ್ಮೆ ಓಡಿಸಿ, ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್ ಟಿಕ್ ಮಾಡಿ, ಇಲ್ಲದಿದ್ದರೆ ಕಮಾಂಡ್ ಕೆಲಸ ಮಾಡುವುದಿಲ್ಲ. ವೇಕ್ ದಿ ಕಂಪ್ಯೂಟರ್ ಮಾತ್ರ ಟಿಕ್ ಮಾಡಬೇಡಿ, ಕಾವಲುಗಾರನೇ ಎಬ್ಬಿಸಿದ ಹಾಗಾಗುತ್ತದೆ. ಬೆಳಿಗ್ಗೆ ಫೈಲ್ ತೆರೆದರೆ ಇಡೀ ರಾತ್ರಿಯ ಕತೆ ಇರುತ್ತದೆ.

ಪವರ್‌ಸಿಎಫ್‌ಜಿ /ಎನರ್ಜಿ ಎಂಬುದೂ ಇದೆ, 60 ಸೆಕೆಂಡ್ ನೋಡಿ ಒಂದು ವರದಿ ಕೊಡುತ್ತದೆ. ಒಳ್ಳೆಯದೇ, ಆದರೆ ಅದೂ ಆ ಒಂದು ನಿಮಿಷದ ಮಾತು.

ಪೆಂಗ್ವಿನ್‌ಪ್ರಿಯ

ಮಧ್ಯೆ ಬರುತ್ತಿದ್ದೇನೆ, ಲಿನಕ್ಸ್‌ನಲ್ಲಿ ಇದೇ ತೊಂದರೆ ಇದ್ದವರು ಈ ಪುಟಕ್ಕೆ ಬಂದರೆ ಉಪಯೋಗವಾಗಲಿ ಎಂದು. ಅಲ್ಲಿಯೂ ತತ್ವ ಇದೇ. ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನ ಸೇವೆಗಳನ್ನು ನಡೆಸುವ ವ್ಯವಸ್ಥೆ) ಸಸ್ಪೆಂಡ್-ದೆನ್-ಹೈಬರ್ನೇಟ್ ಎಂಬುದು ಗಡಿಯಾರಕ್ಕೆ ಅಲಾರಂ ಇಟ್ಟು ಮಲಗಿ, ಎದ್ದು, ಡಿಸ್ಕ್‌ಗೆ ಬರೆಯುತ್ತದೆ. ಎಷ್ಟು ಹೊತ್ತು ಎಂಬುದನ್ನು ಸ್ಲೀಪ್.ಕಾನ್ಫ್ ಫೈಲ್‌ನಲ್ಲಿ ಹೈಬರ್ನೇಟ್‌ಡಿಲೇಸೆಕ್ ಎಂದು ಕೊಡಬೇಕು. ಬ್ಯಾಟರಿ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಏನೂ ಕೊಡದಿದ್ದರೆ 2 ಗಂಟೆ. ಯಾರು ತಡೆದಿದ್ದಾರೆ ಎಂದು ನೋಡಲು ಸಿಸ್ಟಮ್‌ಡಿ-ಇನ್‌ಹಿಬಿಟ್ --ಲಿಸ್ಟ್.

ಲಿನಕ್ಸ್‌ನಲ್ಲಿ ಜಾಸ್ತಿ ಜನ ಎಡವುವುದು ಸ್ವಾಪ್‌ನಲ್ಲಿ, ಅಂದರೆ ಮೆಮೊರಿಯಲ್ಲಿ ಇರುವುದನ್ನು ಬರೆದಿಡುವ ಜಾಗದಲ್ಲಿ. ಝಡ್‌ರ‍್ಯಾಮ್ ಮಾತ್ರ ಇದ್ದರೆ ಹೈಬರ್ನೇಟ್ ಆಗುವುದಿಲ್ಲ, ಅದು ರ‍್ಯಾಮ್‌ನಲ್ಲೇ ಇರುವ ಸ್ವಾಪ್. ಡಿಸ್ಕ್ ಮೇಲೆ ಸಾಕಷ್ಟು ದೊಡ್ಡ ಸ್ವಾಪ್ ಬೇಕು. ಮುಂದಿನ ಬೂಟ್‌ನಲ್ಲಿ ಎಲ್ಲಿಂದ ಓದಬೇಕು ಎಂಬುದು ಕರ್ನಲ್‌ಗೆ ಗೊತ್ತಿರಬೇಕು, ಬಹಳ ಕಡೆ ಅದನ್ನು ರೆಸ್ಯೂಮ್= ಎಂದು ಕೈಯಾರೆ ಕೊಡಬೇಕಾಗುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದು ಕರ್ನಲ್ ಲಾಕ್‌ಡೌನ್ ಆಗಿದ್ದರೆ ಹೈಬರ್ನೇಟ್‌ಗೆ ತಡೆ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಮಳೆಬಿಲ್ಲು

ಕಾವಲು ಇಟ್ಟೆ, ಸಿಕ್ಕಿತು! ಫ್ಯಾನ್ ತಿರುಗುತ್ತಿದ್ದ ರಾತ್ರಿಯ ಫೈಲ್‌ನಲ್ಲಿ ಸಿಸ್ಟಮ್ ಕೆಳಗೆ ಒಂದೇ ಸಾಲು ಮತ್ತೆ ಮತ್ತೆ ಬಂದಿದೆ. ಡ್ರೈವರ್, ಫೈಲ್‌ಸಿಸ್ಟಮ್, ಎಸ್‌ಆರ್‌ವಿನೆಟ್, ಅದರ ಕೆಳಗೆ ಬೇರೆ ಯಾವುದೋ ಕ್ಲೈಂಟ್ ಈಚೆಗೆ ಈ ಯಂತ್ರಕ್ಕೆ ಕೋರಿಕೆ ಕಳಿಸಿದೆ ಎಂಬ ಅರ್ಥದ ಮಾತು. ಸರಿಯಾಗಿ ಆದ ರಾತ್ರಿಗಳಲ್ಲಿ ಈ ಸಾಲು ಇಲ್ಲ. ಇದು ವೈರಸ್ಸಾ?

ತಂತಿಗಂಟು

ಹೆದರಬೇಡಿ. ಎಸ್‌ಆರ್‌ವಿನೆಟ್ ಎಂದರೆ ವಿಂಡೋಸ್‌ನ ಫೈಲ್ ಶೇರಿಂಗ್ ಡ್ರೈವರ್. ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಯಾವುದೋ ಫೋಲ್ಡರ್ ಶೇರ್ ಆಗಿದೆ, ಅದೇ ನೆಟ್‌ವರ್ಕ್‌ನ ಇನ್ನೊಂದು ಸಾಧನ ರಾತ್ರಿ ಅದನ್ನು ಓದುತ್ತಿದೆ ಅಥವಾ ಅದಕ್ಕೆ ಬರೆಯುತ್ತಿದೆ. ಬೇರೆಯವರು ಬಳಸುತ್ತಿರುವಾಗ ಮಲಗಬಾರದು ಎಂದು ಡ್ರೈವರ್ ತಡೆ ಹಿಡಿದಿದೆ. ನೆಟ್‌ವರ್ಕ್ ಡ್ರೈವ್ ಆಗಿ ಜೋಡಿಸಿಟ್ಟ ಲ್ಯಾಪ್‌ಟಾಪ್, ವಿಡಿಯೊ ಪಟ್ಟಿ ಹುಡುಕುವ ಟಿವಿ, ಬ್ಯಾಕಪ್, ಯಾವುದೂ ಆಗಬಹುದು. ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ಶೇರ್ಡ್ ಫೋಲ್ಡರ್ಸ್, ಅದರೊಳಗೆ ಸೆಷನ್ಸ್ ತೆರೆದರೆ ಯಾರು ಜೋಡಿಕೊಂಡಿದ್ದಾರೆ ಎಂದು ಕಾಣುತ್ತದೆ.

ಜೋಡಿಮಾನಿಟರ್

ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್‌ಓವರ್‌ರೈಡ್ ಡ್ರೈವರ್ ಎಸ್‌ಆರ್‌ವಿನೆಟ್ ಸಿಸ್ಟಮ್. ಒಂದು ಸಾಲು, ಕೆಲಸ ಮುಗಿಯಿತು. ಇನ್ನು ಮುಂದೆ ಅದರ ಕೋರಿಕೆಯನ್ನು ವಿಂಡೋಸ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ತಂತಿಗಂಟು

ಕಮಾಂಡ್ ಸರಿಯಾಗಿದೆ. ಆದರೆ ಅದನ್ನು ಮೊದಲ ಮದ್ದಾಗಿ ಕೊಡುವುದು ನನಗೆ ಒಪ್ಪಿಗೆ ಇಲ್ಲ, ಯಾಕೆ ಎಂದು ಹೇಳಿಬಿಡುತ್ತೇನೆ.

ತಡೆ ಹಿಡಿಯುವವರು ಯಾವಾಗಲೂ ತಪ್ಪಿತಸ್ಥರಲ್ಲ. ಯಾರದೋ ಬ್ಯಾಕಪ್ ಅರ್ಧಕ್ಕೆ ಬಂದಿರುವಾಗ ಯಂತ್ರ ಮಲಗಿಬಿಟ್ಟರೆ ಆ ಫೈಲ್ ಅರ್ಧಂಬರ್ಧ ಆಗುತ್ತದೆ, ಅದು ಗೊತ್ತಾಗುವುದು ಮುಂದೆ ಎಂದೋ ಅದು ಬೇಕಾದಾಗ. ಆ ಡ್ರೈವರ್ ತನ್ನ ಕೆಲಸ ಮಾಡುತ್ತಿದೆ. ಅದರ ಬಾಯಿ ಮುಚ್ಚಿಸುವ ಮೊದಲು ಅದು ಯಾಕೆ ಹೇಳುತ್ತಿದೆ ಎಂದು ಕೇಳಬೇಕು. ಕಾರಣ ನಿಜವಾದದ್ದಾದರೆ ಆ ಕೆಲಸದ ಹೊತ್ತನ್ನು ಬದಲಿಸಿ. ಕಾರಣ ಪೊಳ್ಳಾದರೆ, ಉದಾಹರಣೆಗೆ ಯಾರೂ ನೋಡದ ಶೇರ್ ಫೋಲ್ಡರನ್ನು ಯಾವುದೋ ಸಾಧನ ಸುಮ್ನೆ ತಟ್ಟುತ್ತಿದ್ದರೆ, ಆ ಶೇರ್ ತೆಗೆಯಿರಿ. ಇವೆರಡೂ ಆಗದಿದ್ದಾಗ ಮಾತ್ರ ಓವರ್‌ರೈಡ್. ಹಾಕಿದ ಮೇಲೆ ಅದು ಅಲ್ಲಿದೆ ಎಂದು ನೆನಪಿಟ್ಟುಕೊಳ್ಳಬೇಕು, ಬರೀ ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್‌ಓವರ್‌ರೈಡ್ ಎಂದು ಕೊಟ್ಟರೆ ಪಟ್ಟಿ ಕಾಣುತ್ತದೆ. ತೆಗೆಯಬೇಕಾದರೆ ಅದೇ ಕಮಾಂಡನ್ನು ಕೊನೆಯ ಸಿಸ್ಟಮ್ ಎಂಬ ಪದ ಬಿಟ್ಟು ಕೊಡಿ.

ಜೋಡಿಮಾನಿಟರ್

ಬ್ಯಾಕಪ್ ಇರಬಹುದು ಎಂಬ ಕಡೆ ನನ್ನ ಗಮನ ಹೋಗಿರಲಿಲ್ಲ. ನಿಮ್ಮ ಮಾತು ಸರಿ, ಮೊದಲು ಸೆಷನ್ಸ್ ನೋಡಲಿ.

ಮಳೆಬಿಲ್ಲು

ಸೆಷನ್ಸ್‌ನಲ್ಲಿ ಮನೆಯ ಇನ್ನೊಂದು ಲ್ಯಾಪ್‌ಟಾಪ್ ಹೆಸರಿದೆ. ಅದರ ಬ್ಯಾಕಪ್ ಇಲ್ಲಿನ ಶೇರ್ ಫೋಲ್ಡರ್‌ಗೆ ಬರುತ್ತದೆ, ರಾತ್ರಿ ಹೊತ್ತು ಶುರುವಾಗುವ ಹಾಗೆ ಇದೆ. ಅದು ಆನ್ ಇದ್ದ ರಾತ್ರಿ ಮಾತ್ರ ಈ ತೊಂದರೆ! ಬ್ಯಾಕಪ್ ಹೊತ್ತನ್ನು ಸಂಜೆಗೆ ಬದಲಿಸಿದೆವು, ಇಬ್ಬರೂ ಕೆಲಸ ಮಾಡುತ್ತಿರುವಾಗಲೇ ಮುಗಿದುಹೋಗುತ್ತದೆ. ಓವರ್‌ರೈಡ್ ಹಾಕಲಿಲ್ಲ. ಅದಾದ ಮೇಲೆ ಲ್ಯಾಪ್‌ಟಾಪ್ ಆನ್ ಇದ್ದ ರಾತ್ರಿಯೂ ಹೈಬರ್ನೇಟ್ ಸರಿಯಾಗಿ ಆಗುತ್ತಿದೆ.

ಕೊನೆಯ ಒಂದು ಪ್ರಶ್ನೆ. ವೇಕ್ ಟೈಮರ್ಸ್ ಎನೇಬಲ್ ಮಾಡಿದ್ದರಿಂದ ಬೇರೆ ಯಾವುದೋ ಟಾಸ್ಕ್ ರಾತ್ರಿ ಎಬ್ಬಿಸುವ ಭಯ ಇದೆಯಾ? ಹೈಬ್ರಿಡ್ ಸ್ಲೀಪ್ ಆನ್ ಮಾಡಬೇಕಾ?

ನೀಲಿಪರದೆ

ಎಬ್ಬಿಸಬಹುದು. ಪವರ್‌ಸಿಎಫ್‌ಜಿ /ವೇಕ್‌ಟೈಮರ್ಸ್ ಕೊಟ್ಟರೆ ಸದ್ಯಕ್ಕೆ ಯಾರು ಅಲಾರಂ ಇಟ್ಟಿದ್ದಾರೆ ಎಂದು ಗೊತ್ತಾಗುತ್ತದೆ. ಬೇಡದ ಟಾಸ್ಕ್ ಕಂಡರೆ ಆ ಟಾಸ್ಕ್‌ನಲ್ಲೇ ವೇಕ್ ಆಯ್ಕೆ ತೆಗೆಯಿರಿ, ಎಲ್ಲರ ಅಲಾರಂ ಕಿತ್ತುಹಾಕುವುದಕ್ಕಿಂತ ಅದು ಒಳ್ಳೆಯದು. ಟೈಮರ್‌ನಿಂದ ಎದ್ದು ಯಾರೂ ಮೌಸ್, ಕೀಬೋರ್ಡ್ ಮುಟ್ಟದಿದ್ದರೆ ಯಂತ್ರ ನಿಮ್ಮ 30 ನಿಮಿಷಕ್ಕೆ ಕಾಯುವುದಿಲ್ಲ, ಯಾರೂ ತಡೆ ಹಿಡಿಯದಿದ್ದರೆ ಸಾಮಾನ್ಯವಾಗಿ 2 ನಿಮಿಷಕ್ಕೇ ಮತ್ತೆ ಮಲಗುತ್ತದೆ.

ಟೈಮರ್ ಅಲ್ಲದೆ ಸಾಧನಗಳೂ ಎಬ್ಬಿಸುತ್ತವೆ. ಪವರ್‌ಸಿಎಫ್‌ಜಿ /ಡಿವೈಸ್‌ಕ್ವೆರಿ ವೇಕ್_ಆರ್ಮ್ಡ್ ಕೊಟ್ಟು ಪಟ್ಟಿ ನೋಡಿ. ನೆಟ್‌ವರ್ಕ್ ಕಾರ್ಡ್ ಅದರಲ್ಲಿ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಮ್ಯಾಜಿಕ್ ಪ್ಯಾಕೆಟ್ (ಯಂತ್ರವನ್ನು ಎಬ್ಬಿಸಲೆಂದೇ ಕಳಿಸುವ ನೆಟ್‌ವರ್ಕ್ ಸಂದೇಶ) ಬಂದರೆ ಮಾತ್ರ ಎಬ್ಬಿಸು ಎಂಬುದನ್ನು ಟಿಕ್ ಮಾಡಿ. ನಿಮ್ಮ ಮನೆಯಲ್ಲಿ ಶೇರ್ ಫೋಲ್ಡರ್ ಇರುವುದರಿಂದ ಇದು ಮುಖ್ಯ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಬರೀ ಹೆಸರು ಹಿಡಿದು ಹುಡುಕಿದರೂ ಡೆಸ್ಕ್‌ಟಾಪ್ ಏಳಬಹುದು.

ತಂತಿಗಂಟು

ಹೈಬ್ರಿಡ್ ಸ್ಲೀಪ್ ಬಗ್ಗೆ: ಅದು ಆನ್ ಇದ್ದರೆ ಯಂತ್ರ ಸ್ಲೀಪ್‌ಗೆ ಹೋಗುವ ಮೊದಲೇ ಎಲ್ಲವನ್ನೂ ಡಿಸ್ಕ್‌ಗೂ ಬರೆದಿಡುತ್ತದೆ. ಕರೆಂಟ್ ಹೋದರೂ ಕೆಲಸ ಉಳಿಯುತ್ತದೆ, ಕರೆಂಟ್ ಇದ್ದರೆ ಕ್ಷಣದಲ್ಲಿ ಏಳುತ್ತದೆ. ಡೆಸ್ಕ್‌ಟಾಪ್‌ಗೆಂದೇ ಮಾಡಿದ ವ್ಯವಸ್ಥೆ ಅದು, ವಿಸ್ಟಾ ಕಾಲದಿಂದ ಇದೆ. ಆನ್ ಮಾಡದಿದ್ದರೆ ಸ್ಲೀಪ್ ಆದ ಮೇಲೆ ಹೈಬರ್ನೇಟ್ ಆಗುವವರೆಗಿನ ಹೊತ್ತಿನಲ್ಲಿ ನಿಮ್ಮ ಕೆಲಸ ರ‍್ಯಾಮ್‌ನಲ್ಲಿ ಮಾತ್ರ ಇರುತ್ತದೆ, ಆಗ ಕರೆಂಟ್ ಹೋಗಿ ಯುಪಿಎಸ್ ಕೂಡ ಮುಗಿದರೆ ಹೋಯಿತು. ಕೆಲವು ಯಂತ್ರಗಳಲ್ಲಿ ಹೈಬ್ರಿಡ್ ಆನ್ ಮಾಡಿದ ಮೇಲೆ ಹೈಬರ್ನೇಟ್‌ಗೆ ದಾಟುವುದು ನಿಂತುಹೋಗುತ್ತದೆ ಎಂದು ದೂರುವವರೂ ಇದ್ದಾರೆ. ಆನ್ ಮಾಡಿ, 3 ಮತ್ತು 10 ನಿಮಿಷದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಲಾಗ್‌ನಲ್ಲಿ ಫಿಕ್ಸ್ಡ್ ಟೈಮ್‌ಔಟ್ ಸಾಲು ಬಂದರೆ ಆನ್ ಇಡಿ. ಬರದಿದ್ದರೆ ಹೈಬ್ರಿಡ್ ಆಫ್ ಮಾಡಿ, ಸ್ಲೀಪ್ ನೆವರ್ ಎಂದು ಹಾಕಿ, ಹೈಬರ್ನೇಟ್‌ಗೆ ಮಾತ್ರ 45 ನಿಮಿಷವೋ 60 ನಿಮಿಷವೋ ಕೊಡಿ. ಆಗ ನಡುವೆ ಸ್ಲೀಪೇ ಇಲ್ಲ, ಅಲಾರಂ ಬೇಕಿಲ್ಲ, ನೇರವಾಗಿ ಡಿಸ್ಕ್‌ಗೆ ಬರೆದು ಆಫ್ ಆಗುತ್ತದೆ. ಎಸ್‌ಎಸ್‌ಡಿ ಇರುವುದರಿಂದ ಬೆಳಿಗ್ಗೆ ಏಳಲು ಹೆಚ್ಚು ಹೊತ್ತೂ ಬೇಕಾಗುವುದಿಲ್ಲ.

ಮಳೆಬಿಲ್ಲು

ಹೈಬ್ರಿಡ್ ಆನ್ ಮಾಡಿ ಪರೀಕ್ಷಿಸಿದೆ, ಫಿಕ್ಸ್ಡ್ ಟೈಮ್‌ಔಟ್ ಸಾಲು ಬಂತು. ಹಾಗಾಗಿ ಆನ್ ಇಟ್ಟಿದ್ದೇನೆ. ಯುಪಿಎಸ್ ಕೇಬಲ್ ಹಾಕಿದ ಮೇಲೆ ಬ್ಯಾಟರಿ ಸಾಲುಗಳೂ ಬಂದವು, ಎರಡರಲ್ಲೂ ಒಂದೇ ಹೊತ್ತು ಕೊಟ್ಟು, ಕ್ರಿಟಿಕಲ್ ಆಕ್ಷನ್ ಹೈಬರ್ನೇಟ್ ಎಂದು ಹಾಕಿದೆ. ಕಾವಲು ಟಾಸ್ಕನ್ನು ಡಿಸೇಬಲ್ ಮಾಡಿದ್ದೇನೆ, ಅಳಿಸಿಲ್ಲ. ಇನ್ನೊಂದು ರಾತ್ರಿ ಫ್ಯಾನ್ ತಿರುಗಿದರೆ ಮತ್ತೆ ಆನ್ ಮಾಡುತ್ತೇನೆ.

ಹಳೆಕೀಲಿ

ಇದೇ ತೊಂದರೆ ಇಟ್ಟುಕೊಂಡು ಮುಂದೆ ಬರುವವರು ಮೊದಲು ಪವರ್‌ಸಿಎಫ್‌ಜಿ /ಎ ಕೊಟ್ಟು ನೋಡಿ. ಎಸ್3 ಬದಲು ಎಸ್0 ಲೋ ಪವರ್ ಐಡಲ್ ಎಂದು ಬಂದರೆ ನಿಮ್ಮದು ಮಾಡರ್ನ್ ಸ್ಟ್ಯಾಂಡ್‌ಬೈ (ಫೋನ್‌ನ ಹಾಗೆ ಪೂರ್ತಿ ನಿಲ್ಲದೆ ಮಲಗುವ ಬಗೆ), ಇಲ್ಲಿ ಎಸ್3 ಬಗ್ಗೆ ಹೇಳಿದ್ದು ಹಾಗೇ ಅನ್ವಯಿಸುವುದಿಲ್ಲ, ಪವರ್‌ಸಿಎಫ್‌ಜಿ /ಸ್ಲೀಪ್‌ಸ್ಟಡಿ ವರದಿ ತೆಗೆದು ಹೊಸ ಚರ್ಚೆ ಶುರು ಮಾಡಿ. ಹೈಬರ್ನೇಟ್ ಲಭ್ಯವೇ ಇಲ್ಲ ಎಂದು ಬಂದು, ಕಾರಣದಲ್ಲಿ ಗ್ರಾಫಿಕ್ಸ್ ಎಂದು ಇದ್ದರೆ ಗ್ರಾಫಿಕ್ಸ್ ಡ್ರೈವರ್ ಹಾಕಿಲ್ಲ, ವಿಂಡೋಸ್‌ನ ಬೇಸಿಕ್ ಡ್ರೈವರ್ ಮೇಲೆ ಓಡುತ್ತಿದೆ ಎಂದರ್ಥ. ಸರಿಯಾದ ಡ್ರೈವರ್ ಹಾಕಿ, ಆಮೇಲೆ 42ನೇ ಇವೆಂಟ್ ನೋಡಿ.